ಆಕ್ಸಿಲರೇಟರ್‌ಗಳ ಹೊಟ್ಟೆಪಾಡು

ದ್ವಿತೀಯ ಪಿಯು ರಿಸಲ್ಟ್ ಬಂದ ಮರುದಿನದ ಪೇಪರ್ ನೋಡಿರ್ತೀರಿ. ಮುಖಪುಟ ಪೂರ್ತಿ ಜಾಹೀರಾತು. ಪಾಸ್‌ಪೋರ್ಟ್ ಸೈಜಿನ ಫೋಟೋಗಳ ಸಾಲು, ಪ್ರತಿ ಫೋಟೋದ ಕೆಳಗೆ 595, 594, 592. ಅಡಿಯಲ್ಲಿ ಕಾಲೇಜಿನ ಹೆಸರು, ಅಡ್ಮಿಶನ್ನಿಗೆ ಫೋನ್ ನಂಬರು. ಆ ಮಕ್ಕಳಲ್ಲಿ ಎಷ್ಟು ಜನ ಎಸ್ಸೆಸ್ಸೆಲ್ಸಿಯಲ್ಲೇ 615 ತಗೊಂಡು ಬಂದವರು, ಎಷ್ಟು ಜನರನ್ನು ಫೀಸು ಮಾಫಿ ಮಾಡಿ ಕರೆತಂದಿದ್ದು, ಅದೇ ಕ್ಲಾಸಲ್ಲಿ ಕೂತ ಉಳಿದವರ ಕಥೆ ಏನಾಯ್ತು, ಇದ್ಯಾವುದೂ ಆ ಪುಟದಲ್ಲಿ ಇರಲ್ಲ.

ಸ್ಟಾರ್ಟಪ್ ಆಕ್ಸಿಲರೇಟರ್‌ಗಳ ಬ್ರೋಶರ್ ಕೂಡ ಇದೇ ಜಾಹೀರಾತು. ಫೋಟೋ ಬದಲು ಲೋಗೋ, ಅಷ್ಟೇ. ಮೇಲೆ ಗೆದ್ದ ಕಂಪನಿಗಳು, ಕೆಳಗೆ 'ಇಷ್ಟು ಮೆಂಟರ್‌ಗಳು, ಇಷ್ಟು ಲಕ್ಷದ ಕ್ಲೌಡ್ ಕ್ರೆಡಿಟ್ಟು, ಇಷ್ಟು ಕೋಟಿ ಫಂಡಿಂಗ್ ಎತ್ತಿದ ಹಳೆ ವಿದ್ಯಾರ್ಥಿಗಳು'. ಹತ್ತು ಆಕ್ಸಿಲರೇಟರ್‌ಗಳ ಬ್ರೋಶರ್ ತಂದು ಹೆಸರು ಅಳಿಸಿಟ್ಟರೆ ಯಾವುದು ಯಾರದ್ದು ಅಂತ ಅವರಿಗೇ ಗುರುತು ಸಿಗಲ್ಲ. ಇದನ್ನು ಓದಿ 'ಯಾವುದಕ್ಕೆ ಹಾಕ್ಲಿ?' ಅಂತ ತೀರ್ಮಾನ ಮಾಡೋದಕ್ಕೆ ಆಗಲ್ಲ. ಆದರೂ ಈಗಷ್ಟೇ ಕೆಲಸ ಬಿಟ್ಟು ಶುರು ಮಾಡಿದವರು ಹೆಚ್ಚಿನಂಶ ಇದನ್ನೇ ಓದಿ ತೀರ್ಮಾನ ಮಾಡ್ತಾರೆ.

ನನ್ನ ತಕರಾರು ಆ ಪ್ರಶ್ನೆಯ ಮೇಲೇ ಇದೆ. 'ಯಾವ ಆಕ್ಸಿಲರೇಟರ್ ಒಳ್ಳೇದು?' ಅಂತ ಕೇಳೋದಕ್ಕಿಂತ ಮೊದಲು 'ಈ ಆಕ್ಸಿಲರೇಟರ್‌ನ ಹೊಟ್ಟೆ ತುಂಬೋದು ಎಲ್ಲಿಂದ?' ಅಂತ ಕೇಳಬೇಕು. ಬ್ರೋಶರ್ ಒಂದೇ ಥರ ಇದ್ದರೂ ಹೊಟ್ಟೆಪಾಡು ಬೇರೆ ಬೇರೆ ಇರುತ್ತೆ. ಮೂರು ತಿಂಗಳು ಅವರು ನಿಮಗೆ ಏನು ಹೇಳಿಕೊಡ್ತಾರೆ, ಯಾವ ಕಡೆಗೆ ನೂಕ್ತಾರೆ ಅನ್ನೋದು ಅದರ ಮೇಲೇ ನಿಂತಿದೆ.

ಈ ವ್ಯವಹಾರ ಶುರುವಾಗಿದ್ದು ಹೇಗೆ ಅಂತ ಸ್ವಲ್ಪ ನೋಡೋಣ. 2005ರಲ್ಲಿ ಅಮೆರಿಕಾದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಪಾಲ್ ಗ್ರಹಾಂ, ಜೆಸಿಕಾ ಲಿವಿಂಗ್‌ಸ್ಟನ್, ರಾಬರ್ಟ್ ಮಾರಿಸ್, ಟ್ರೆವರ್ ಬ್ಲ್ಯಾಕ್‌ವೆಲ್ ಸೇರಿ ವೈ ಕಾಂಬಿನೇಟರ್ ಶುರು ಮಾಡಿದರು. ಆ ಬೇಸಿಗೆಯ ಮೊದಲ ಬ್ಯಾಚಿನಲ್ಲಿ 8 ಕಂಪನಿ ಇದ್ದವು, ರೆಡಿಟ್ ಅದರಲ್ಲೊಂದು. ರೆಡಿಟ್‌ಗೆ ಸಿಕ್ಕ ದುಡ್ಡು 12,000 ಡಾಲರ್. ಇಬ್ಬರು ಹುಡುಗರ ಒಂದು ಬೇಸಿಗೆಯ ಬಾಡಿಗೆ, ಊಟ. ದೊಡ್ಡ ಇನ್ವೆಸ್ಟರ್‌ಗಳು ಒಂದೊಂದು ಕಂಪನಿಯನ್ನು ಕೂರಿಸಿಕೊಂಡು ತಿಂಗಳುಗಟ್ಟಲೆ ಮಾತಾಡ್ತಿದ್ದ ಕಾಲದಲ್ಲಿ ಇವರು ಎಂಟು ಕಂಪನಿಯನ್ನು ಒಂದೇ ಸಲ ತಗೊಂಡು, ಒಂದೇ ಥರದ ಕಾಗದಕ್ಕೆ ಸಹಿ ಹಾಕಿಸಿ, ಕೊನೆಗೆ ಒಂದು ದಿನ ಎಲ್ಲರನ್ನೂ ಇನ್ವೆಸ್ಟರ್‌ಗಳ ಮುಂದೆ ನಿಲ್ಲಿಸಿದರು. ಡೆಮೊ ಡೇ ಅನ್ನೋದು ಅದೇ. ಇವತ್ತು ಆಕ್ಸಿಲರೇಟರ್ ಅಂತ ಹೆಸರಿಟ್ಟುಕೊಂಡ ಹೆಚ್ಚಿನವು ಈ ಅಚ್ಚಿನಿಂದಲೇ ಎರಕ ಹೊಯ್ದವು: ಗೊತ್ತಾದ ಅವಧಿ, ಒಟ್ಟಿಗೆ ಬರುವ ಬ್ಯಾಚು, ಮೆಂಟರ್‌ಗಳು, ಕೊನೆಗೊಂದು ಡೆಮೊ ಡೇ.

ಇದರಿಂದ ನಿಜವಾಗಿ ಉಪಯೋಗ ಇದೆಯಾ? ಪಿಯು ಕಾಲೇಜಿನ ಪ್ರಶ್ನೆಯೇ ಇದು. ಕಾಲೇಜು ಓದಿಸಿತೋ, ಓದುವವರನ್ನೇ ಆರಿಸಿಕೊಂಡಿತೋ? ಇದನ್ನು ಬಿಡಿಸಿ ನೋಡಿದ ಎರಡು ಅಧ್ಯಯನಗಳನ್ನು ಇಲ್ಲಿ ಹೇಳಬೇಕು.

ಚಿಲಿ ದೇಶದ ಸರ್ಕಾರ 2010ರಲ್ಲಿ 'ಸ್ಟಾರ್ಟ್-ಅಪ್ ಚಿಲಿ' ಅಂತ ಶುರು ಮಾಡಿತು. ಆಗ 40,000 ಡಾಲರ್ ಕೊಡ್ತಿದ್ದರು, ಶೇರು ಕೇಳ್ತಿರಲಿಲ್ಲ, ಕೂರೋದಕ್ಕೆ ಆಫೀಸು ಕೊಡ್ತಿದ್ದರು. ಬಂದವರಲ್ಲಿ ಕೆಲವರನ್ನು ಮತ್ತೆ ಆರಿಸಿ ಬೇರೆಯಾಗಿ ತರಬೇತಿ ಕೊಡ್ತಿದ್ದರು. ಹುವಾನಿತಾ ಗೊನ್ಸಾಲೆಸ್-ಉರಿಬೆ ಮತ್ತು ಮೈಕೆಲ್ ಲೆದರ್‌ಬಿ ಅನ್ನೋ ಇಬ್ಬರು, ಕಟಾಫ್‌ನ ಸ್ವಲ್ಪ ಮೇಲೆ ಮತ್ತು ಸ್ವಲ್ಪ ಕೆಳಗೆ ಅಂಕ ಬಂದವರನ್ನು ಹೋಲಿಸಿ ನೋಡಿದರು. ಅರ್ಧ ಅಂಕದಲ್ಲಿ ಒಳಗೆ ಬಂದವನಿಗೂ ಅರ್ಧ ಅಂಕದಲ್ಲಿ ಹೊರಗೆ ಉಳಿದವನಿಗೂ ಯೋಗ್ಯತೆಯಲ್ಲಿ ಏನೂ ವ್ಯತ್ಯಾಸ ಇರಲ್ಲ, ಹಾಗಾಗಿ ಮುಂದೆ ಬಂದ ವ್ಯತ್ಯಾಸ ಕಾರ್ಯಕ್ರಮದ್ದು ಅಂತ ತಿಳಿಯಬಹುದು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬರೀ ದುಡ್ಡು ಮತ್ತು ಆಫೀಸಿನಿಂದ ಕಂಪನಿಗೆ ಅನುಕೂಲ ಆಗಿದ್ದಕ್ಕೆ ಪುರಾವೆ ಸಿಗಲಿಲ್ಲ. ದುಡ್ಡಿನ ಜೊತೆ ತರಬೇತಿ ಸಿಕ್ಕವರಿಗೆ ಗಣನೀಯ ಅನುಕೂಲ ಆಯ್ತು. ಅಂದರೆ ಬ್ರೋಶರ್‌ನಲ್ಲಿ ದಪ್ಪಕ್ಷರದಲ್ಲಿ ಹಾಕುವ ಎರಡು ವಸ್ತುಗಳೇ, ಚೆಕ್ಕು ಮತ್ತು ಕುರ್ಚಿ, ತಾವಾಗಿಯೇ ಏನೂ ಮಾಡಲ್ಲ.

ಎರಡನೇದು 2020ರಲ್ಲಿ ಪ್ರಕಟವಾದ ಸ್ಯಾಂಡಿ ಯು ಅವರದ್ದು. ಅವರಿಗೆ ಕಂಡದ್ದು: ಆಕ್ಸಿಲರೇಟರ್‌ಗೆ ಹೋದ ಕಂಪನಿಗಳು ಹೋಗದವಕ್ಕಿಂತ ಬೇಗ ಮತ್ತು ಹೆಚ್ಚಾಗಿ ಮುಚ್ಚುತ್ತವೆ. ಮುಚ್ಚುವ ಹೊತ್ತಿಗೆ ಕಡಿಮೆ ದುಡ್ಡು ಕರಗಿಸಿರುತ್ತವೆ. ಇದನ್ನು ಯಾವ ಬ್ರೋಶರೂ ಹಾಕಲ್ಲ. ನನಗೆ ಮಾತ್ರ ಇದು ಆಕ್ಸಿಲರೇಟರ್ ಪರವಾಗಿ ನಾನು ಓದಿದ ಅತ್ಯಂತ ಬಲವಾದ ವಾದ. 33 ವರ್ಷದವನೊಬ್ಬ, ಮನೆಲೋನು ಇರುವವನು, ನಡೆಯದ ಐಡಿಯಾ ಹಿಡ್ಕೊಂಡು ಮೂರು ವರ್ಷ ಕೂರೋ ಬದಲು ಒಂಬತ್ತು ತಿಂಗಳಲ್ಲಿ 'ಇದು ಆಗಲ್ಲ' ಅಂತ ತಿಳಿದುಕೊಂಡರೆ ಅದು ಲಾಭವೇ. ಹಾಗಾಗಿ ಒಳ್ಳೆಯ ಆಕ್ಸಿಲರೇಟರ್ ಅಂದರೆ ನಿಮ್ಮ ಐಡಿಯಾಕ್ಕೆ ಬೇಗ ಪರೀಕ್ಷೆ ಇಡೋದು. ಬರೀ ಭುಜ ತಟ್ಟಿ ಕಳಿಸೋ ಜಾಗ ಅದನ್ನು ಮಾಡಲ್ಲ.

ಈಗ ಹೊಟ್ಟೆಪಾಡಿನ ವಿಷಯಕ್ಕೆ ಬರ್ತೀನಿ.

ಮೊದಲನೆಯ ಜಾತಿ, ಶೇರು ತಗೊಳ್ಳೋರು. ಇವರು ಉದ್ಧಾರ ಆಗೋದು ನೀವು ಬೆಳೆದರೆ ಮಾತ್ರ, ಹಾಗಾಗಿ ನಿಮ್ಮ ಹಿತವೇ ಅವರ ಹಿತ ಅಂತ ಹೇಳ್ತಾರೆ. ಅರ್ಧ ನಿಜ. ಉಳಿದರ್ಧಕ್ಕೆ ಒಂದು ಉದಾಹರಣೆ ಹೇಳ್ತೀನಿ.

ನನ್ನ ಜೊತೆ ಬಿಇ ಓದಿದ ಗೆಳೆಯ ಒಬ್ಬ ಹಳ್ಳಿ ಡೈರಿಗಳಿಗೆ ಸಾಫ್ಟ್‌ವೇರ್ ಮಾಡಿದ್ದ. ಬೆಳಿಗ್ಗೆ ಸಂಜೆ ಹಾಲು ಅಳೆದಾಗ ಫ್ಯಾಟ್, ಎಸ್‌ಎನ್‌ಎಫ್ ಹಿಡಿದು ರೇಟು ಹಾಕೋದು, ಚೀಟಿ ಕೊಡೋದು, ಬಟವಾಡೆ ದಿನ ಲೆಕ್ಕ ತೆಗೆಯೋದು. 140 ಸಂಘಗಳು, ತಿಂಗಳಿಗೆ 600 ರೂಪಾಯಿಯ ಹಾಗೆ 84,000 ಬರ್ತಿತ್ತು. ಇವನು, ಒಬ್ಬ ಹುಡುಗ, ಒಂದು ಬೈಕು. ಕಾರ್ಯದರ್ಶಿಗಳು ದುಡ್ಡು ಕೊಡ್ತಿದ್ದದ್ದು ಸಾಫ್ಟ್‌ವೇರಿಗೆ ಅಂತ ನನಗೆ ಅನ್ನಿಸಲ್ಲ. ತೂಕದ ಮಿಷನ್ನಿನ ವಯರ್ ಇಲಿ ಕಡಿದಾಗ ಸಂಜೆ ಹಾಲಿನ ಹೊತ್ತಿಗೆ ಇವನು ಬಂದು ಸರಿ ಮಾಡ್ತಿದ್ದನಲ್ಲ, ಅದಕ್ಕೆ.

ಬೆಂಗಳೂರಿನ ಒಂದು ಆಕ್ಸಿಲರೇಟರ್ 15 ಲಕ್ಷ ಕೊಟ್ಟು 8 ಪರ್ಸೆಂಟ್ ತಗೊಂಡಿತು. ಎರಡನೇ ವಾರಕ್ಕೆ ಮೆಂಟರ್ ಹೇಳಿದ್ದು: ಈ ಮಾರುಕಟ್ಟೆ ಚಿಕ್ಕದು, ಇದಕ್ಕೆ ಯಾವ ಫಂಡೂ ಬರಲ್ಲ. ಯಾವ ರೈತ ದಿನಕ್ಕೆ ಎಷ್ಟು ಹಾಲು ಹಾಕ್ತಾನೆ ಅನ್ನೋ ಲೆಕ್ಕ ನಿನ್ನ ಹತ್ರ ಇದೆ, ಅದರ ಮೇಲೆ ಹಸು ಸಾಲ ಕೊಡಿಸೋ ಕಂಪನಿ ಮಾಡು.

ಇದು ಮೂರ್ಖ ಸಲಹೆ ಏನಲ್ಲ. ಅವರ ಲೆಕ್ಕ ನೋಡಿ. ಇಂಥ 20 ಕಂಪನಿಗೆ 15 ಲಕ್ಷದ ಹಾಗೆ ಹಾಕಿದರೆ 3 ಕೋಟಿ. ಬಹುತೇಕ ಕಂಪನಿಗಳು ಮುಳುಗ್ತವೆ, ಒಂದೋ ಎರಡೋ ಎಲ್ಲರ ನಷ್ಟ ತುಂಬಬೇಕು. 8 ಪರ್ಸೆಂಟ್ ಪಾಲು ಮುಂದಿನ ಫಂಡಿಂಗ್‌ಗಳಲ್ಲಿ ಕರಗಿ 4 ಆಗುತ್ತೆ ಅಂತಿಟ್ಟುಕೊಳ್ಳಿ. ಆ ಒಂದು ಕಂಪನಿಯಿಂದ ಬರೀ ಅಸಲು 3 ಕೋಟಿ ವಾಪಸ್ ಬರಬೇಕಾದರೂ ಅದರ ಬೆಲೆ 75 ಕೋಟಿ ಆಗಬೇಕು. ವರ್ಷಕ್ಕೆ 10 ಲಕ್ಷ ಬರೋ ಡೈರಿ ಸಾಫ್ಟ್‌ವೇರು ಐದು ವರ್ಷದಲ್ಲಿ 50 ಲಕ್ಷಕ್ಕೆ ಬೆಳೆದರೆ ನನ್ನ ಗೆಳೆಯನ ಬದುಕು ನೆಟ್ಟಗಾಯ್ತು. ಆಕ್ಸಿಲರೇಟರ್‌ನ ಪುಸ್ತಕದಲ್ಲಿ ಅದೂ ಮುಳುಗಿದ ಕಂಪನಿಯೂ ಒಂದೇ ಸಾಲಿನಲ್ಲಿ ಇರ್ತವೆ. ಅವರು ತಮ್ಮ ಲೆಕ್ಕಕ್ಕೆ ಸರಿಯಾದ ಸಲಹೆಯನ್ನೇ ಕೊಟ್ಟರು. ಆ ಲೆಕ್ಕ ಇವನದ್ದಾಗಿರಲಿಲ್ಲ, ಅಷ್ಟೇ.

ಮುಂದೆ ಆಗಿದ್ದು ಊಹಿಸೋದು ಕಷ್ಟ ಇಲ್ಲ. ಸಾಲ ಕೊಡೋದಕ್ಕೆ ಲೈಸೆನ್ಸ್ ಇರೋ ಸಂಸ್ಥೆ ಬೇಕು, ಅವರ ಬಾಗಿಲಿಗೆ ಎಂಟು ತಿಂಗಳು ಅಲೆದ. ಅಷ್ಟರಲ್ಲಿ ವಯರ್ ಸರಿ ಮಾಡೋರಿಲ್ಲದೆ 140 ಸಂಘ 60ಕ್ಕೆ ಇಳಿಯಿತು. ಕಂಪನಿ ಮುಚ್ಚಿ ಈಗ ಔಟರ್ ರಿಂಗ್ ರೋಡಿನಲ್ಲಿ ಕೆಲಸಕ್ಕಿದ್ದಾನೆ. ಕೆಲವು ಕಾರ್ಯದರ್ಶಿಗಳು ಈಗಲೂ ಫೋನ್ ಮಾಡ್ತಾರಂತೆ, 'ಪ್ರಿಂಟರ್ ಬರ್ತಾ ಇಲ್ಲ ಸಾರ್' ಅಂತ.

ಆದ್ದರಿಂದ ಶೇರು ತಗೊಳ್ಳೋ ಆಕ್ಸಿಲರೇಟರ್‌ಗೆ ಅರ್ಜಿ ಹಾಕೋ ಮೊದಲು ನಿಮ್ಮ ವ್ಯವಹಾರ ಯಾವ ಗಾತ್ರದ್ದು ಅಂತ ನೀವೇ ತೀರ್ಮಾನಿಸಿಕೊಳ್ಳಬೇಕು. ಚಿಕ್ಕದಾಗಿ ಲಾಭದಲ್ಲಿ ನಡೆಯೋ ವ್ಯವಹಾರಕ್ಕೆ ಅಲ್ಲಿ ಜಾಗ ಇಲ್ಲ. ಅವರು ಕೆಟ್ಟವರು ಅಂತಲ್ಲ, ಅವರ ಹೊಟ್ಟೆ ಅದರಿಂದ ತುಂಬಲ್ಲ.

ಗಾತ್ರ ದೊಡ್ಡದೇ ಅಂತಾದರೆ ಕಾಗದ ಓದಬೇಕು. ವೈ ಕಾಂಬಿನೇಟರ್ 2022ರಿಂದ ಕೊಡ್ತಿರೋದು 5 ಲಕ್ಷ ಡಾಲರ್. ಎಲ್ಲರೂ ಹೇಳೋದು '5 ಲಕ್ಷಕ್ಕೆ 7 ಪರ್ಸೆಂಟ್' ಅಂತ. ತಪ್ಪು. 7 ಪರ್ಸೆಂಟ್ ಹೋಗೋದು 1.25 ಲಕ್ಷ ಡಾಲರಿಗೆ, ಅಂದರೆ ನಿಮ್ಮ ಕಂಪನಿಯ ಬೆಲೆ ಸುಮಾರು 17.9 ಲಕ್ಷ ಡಾಲರ್ ಅಂತ ಹಿಡಿದ ಹಾಗೆ. ಉಳಿದ 3.75 ಲಕ್ಷ ಕೂಡ ಶೇರು ಆಗುತ್ತೆ, ಆದರೆ ಅದರ ಬೆಲೆ ಇವತ್ತು ಗೊತ್ತಾಗಲ್ಲ. ಮುಂದೆ ನೀವು ಬೇರೆ ಯಾರಿಗಾದರೂ ಕೊಡೋ ಅತ್ಯಂತ ಒಳ್ಳೆಯ ಷರತ್ತೇ ಇವರಿಗೂ ಅನ್ವಯಿಸುತ್ತೆ. ಎಂಎಫ್‌ಎನ್ ಅಂತ ಕರೆಯೋದು ಇದನ್ನೇ.

ಲೆಕ್ಕ ಮಾಡೋಣ. ಡೆಮೊ ಡೇ ನಂತರ ಒಬ್ಬ ಇನ್ವೆಸ್ಟರ್ 1 ಕೋಟಿ ಡಾಲರ್ ಕ್ಯಾಪ್‌ನಲ್ಲಿ ಬಂದ. ಆಗ ಆ 3.75 ಲಕ್ಷಕ್ಕೆ 3.75 ಪರ್ಸೆಂಟ್, ಒಟ್ಟು 10.75. ನಿಮಗೆ ಬೇಡಿಕೆ ಕಮ್ಮಿ ಇತ್ತು, 50 ಲಕ್ಷ ಡಾಲರ್ ಕ್ಯಾಪ್‌ಗೆ ಒಪ್ಪಿಕೊಂಡಿರಿ ಅಂದರೆ 7.5 ಪರ್ಸೆಂಟ್, ಒಟ್ಟು 14.5. ಅಂದರೆ ನೀವು ಸೋತ ಪ್ರತಿ ಚೌಕಾಶಿಯೂ ಎರಡು ಸಲ ಸೋತ ಹಾಗೆ, ಎದುರಿಗಿದ್ದವನ ಹತ್ರ ಒಂದ್ಸಲ, ಅಲ್ಲಿ ಇಲ್ಲದ ವೈಸಿ ಹತ್ರ ಇನ್ನೊಂದ್ಸಲ. ಸಣ್ಣ ಮೊತ್ತ ತಾನೇ ಅಂತ ಯಾರೋ ಪರಿಚಯದವರಿಗೆ ಕಡಿಮೆ ಕ್ಯಾಪ್‌ನಲ್ಲಿ ಬರೆದುಕೊಟ್ಟರೂ ಇದೇ ಆಗುತ್ತೆ.

ಇದು ಮೋಸ ಅಂತ ನಾನು ಹೇಳ್ತಾ ಇಲ್ಲ. ವೈಸಿಯವರು ತಮ್ಮ ಕಾಗದಗಳನ್ನು ಎಲ್ಲರೂ ಓದೋ ಹಾಗೆ ಇಟ್ಟಿದ್ದಾರೆ, ಸ್ಟಾರ್ಟಪ್ ಸ್ಕೂಲ್ ಅಂತ ಪುಕ್ಕಟೆ ಪಾಠ ಇಟ್ಟಿದ್ದಾರೆ, ಅದನ್ನು ಯಾವ ಊರಿನಿಂದ ಬೇಕಾದರೂ ನೋಡಬಹುದು. ನಮ್ಮಲ್ಲಿ ಸಹಿ ಹಾಕೋ ಹಿಂದಿನ ರಾತ್ರಿ ಮೊದಲ ಸಲ ಕಾಗದ ತೋರಿಸೋ ಆಕ್ಸಿಲರೇಟರ್‌ಗಳಿಗೆ ಹೋಲಿಸಿದರೆ ಇದು ಎಷ್ಟೋ ವಾಸಿ. ಆದರೆ ಕಾಗದ ಬಯಲಲ್ಲಿದೆ ಅನ್ನೋದಕ್ಕೂ ಜನ ಓದ್ತಾರೆ ಅನ್ನೋದಕ್ಕೂ ಸಂಬಂಧ ಇಲ್ಲ.

ಟೆಕ್‌ಸ್ಟಾರ್ಸ್ ಇನ್ನೊಂದು ಹಳೆಯ ಹೆಸರು, ಕೊಲರಾಡೋದ ಬೋಲ್ಡರ್‌ನಲ್ಲಿ 2007ರಲ್ಲಿ ಮೊದಲ ಬ್ಯಾಚ್ ನಡೆಸಿದವರು. ಅವರ ಹೊಸ ಷರತ್ತು 2.2 ಲಕ್ಷ ಡಾಲರ್: 20,000ಕ್ಕೆ 5 ಪರ್ಸೆಂಟ್, ಉಳಿದ 2 ಲಕ್ಷ ಮೇಲಿನ ಥರದ್ದೇ ಎಂಎಫ್‌ಎನ್. 20,000ಕ್ಕೆ 5 ಅಂದರೆ ಕಂಪನಿಯ ಬೆಲೆ 4 ಲಕ್ಷ ಡಾಲರ್ ಅಂತಾಯ್ತು. ಇವರ ಬಗ್ಗೆ ಬೆಲೆಗಿಂತ ನನಗೆ ಮುಖ್ಯ ಅನ್ನಿಸಿದ್ದು 2024ರಲ್ಲಿ ಆದದ್ದು. ತಾವು ಹುಟ್ಟಿದ ಬೋಲ್ಡರ್‌ನ ಕಾರ್ಯಕ್ರಮವನ್ನೂ ಸಿಯಾಟಲ್‌ನದ್ದನ್ನೂ ಅವರು ಮುಚ್ಚಿದರು. ಅಲ್ಲಿ ಓದಿಬಂದ ಕಂಪನಿಗಳ ಶೇರು ಮಾತ್ರ ಅವರ ಹತ್ರವೇ ಉಳೀತು. ಆಕ್ಸಿಲರೇಟರ್ ಹತ್ತು ವರ್ಷದ ಸಂಬಂಧ ಅಂತ ಹೇಳ್ತಾರೆ. ನಿಮ್ಮ ಕಡೆಯಿಂದ ಅದು ಹತ್ತು ವರ್ಷವೇ, ಆ ಕಡೆ ನಿಮಗೆ ಪಾಠ ಹೇಳಿದ ಮನುಷ್ಯ ಮುಂದಿನ ವರ್ಷ ಇರ್ತಾನೆ ಅನ್ನೋ ಖಾತ್ರಿ ಇಲ್ಲ.

ನಮ್ಮವರಿಗೆ ಇನ್ನೊಂದು ಖರ್ಚಿದೆ. ವೈಸಿಗೆ ಭಾರತದ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಯಲ್ಲ. ಮೇಲೆ ಅಮೆರಿಕಾದ್ದೋ ಸಿಂಗಾಪುರದ್ದೋ ಕೇಮನ್ ದ್ವೀಪದ್ದೋ ಒಂದು ಕಂಪನಿ ಇರಬೇಕು, ಭಾರತದ್ದು ಅದರ ಮಗಳು ಕಂಪನಿ ಆಗಬೇಕು. ರೇಜರ್‌ಪೇ 2015ರಲ್ಲಿ, ಮೀಶೋ 2016ರಲ್ಲಿ, ಗ್ರೋ 2018ರಲ್ಲಿ ವೈಸಿಗೆ ಹೋದವು. ಮೂರೂ ಬೆಂಗಳೂರಿನವು, ಮೂರೂ ಬೆಳೆದವು, ಆಮೇಲೆ ಇಲ್ಲಿನ ಶೇರುಪೇಟೆಗೆ ಬರೋದಕ್ಕೋಸ್ಕರ ಮೂರೂ ಕಂಪನಿಯ ಮನೆಯನ್ನು ಅಮೆರಿಕಾದಿಂದ ವಾಪಸ್ ಭಾರತಕ್ಕೆ ತಂದವು. ಗ್ರೋ ಒಂದೇ ಇದಕ್ಕೆ ಕಟ್ಟಿದ ತೆರಿಗೆ ಸುಮಾರು 1,340 ಕೋಟಿ ರೂಪಾಯಿ. ಗೆದ್ದವರಿಗೆ ಅದು ಭರಿಸಬಹುದಾದ ತಲೆನೋವು. ಗೆಲ್ಲದೆ ಮಧ್ಯದಲ್ಲಿ ಉಳಿಯುವವರಿಗೆ ಬೇರೆ ತಲೆನೋವು: ವರ್ಷಾ ವರ್ಷ ಎರಡು ದೇಶದ ಲೆಕ್ಕಪತ್ರ, ಎರಡು ಕಡೆ ಸಿಎ, ವ್ಯಾಪಾರ ನಿಂತ ಮೇಲೆ ಎರಡು ಕಂಪನಿ ಮುಚ್ಚೋ ಖರ್ಚು. ನಿಮ್ಮ ಗಿರಾಕಿ ದಾವಣಗೆರೆಯಲ್ಲೇ ಇದ್ದರೆ, ಅವರಿಗೆ ನೀವು ಡೆಲವೇರ್‌ನಲ್ಲಿ ರಿಜಿಸ್ಟರ್ ಆಗಿದ್ದರಿಂದ ಏನೂ ಆಗಬೇಕಾಗಿಲ್ಲ.

ಎರಡನೆಯ ಜಾತಿ ಶೇರು ಕೇಳಲ್ಲ, ಕಂಪನಿಗಳು ನಡೆಸೋ ಆಕ್ಸಿಲರೇಟರ್‌ಗಳು. ಮೈಕ್ರೋಸಾಫ್ಟ್ 2012ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ಇಂಥದ್ದು, ಒಂದು ಶೇರೂ ತಗೊಳ್ತಿರಲಿಲ್ಲ. ಹಾಗಾದರೆ ಅವರ ಹೊಟ್ಟೆಪಾಡು? ಮುಂದೆ ನೀವು ಗಿರಾಕಿ ಆಗೋದು.

ನಮ್ಮೂರ ಕಡೆ ಅಡಿಕೆ ಮಂಡಿಯವರು ಮುಂಗಡ ಕೊಡ್ತಾರೆ. ಮಗಳ ಮದುವೆ ಇರಲಿ, ಬೋರ್‌ವೆಲ್ ಇರಲಿ, ಮಂಡಿಗೆ ಹೋದರೆ ಬ್ಯಾಂಕಿನಷ್ಟು ಕಾಗದ ಕೇಳದೆ ದುಡ್ಡು ಕೊಡ್ತಾರೆ. ಒಂದೇ ಮಾತು: ಕೊಯ್ಲಾದ ಮೇಲೆ ಅಡಿಕೆ ಅದೇ ಮಂಡಿಗೆ ಬರಬೇಕು. ಪಕ್ಕದ ಮಂಡಿಯಲ್ಲಿ ಕ್ವಿಂಟಾಲಿಗೆ ಸಾವಿರ ಜಾಸ್ತಿ ಇದ್ದರೂ ಮುಂಗಡ ತೀರೋ ತನಕ ಬೇರೆ ಕಡೆ ಹಾಕೋ ಹಾಗಿಲ್ಲ. ಮುಂಗಡ ತಗೊಂಡ ರೈತ ಬಡ್ಡಿಗಿಂತ ಹೆಚ್ಚಾಗಿ ಆ ಸಾವಿರದಲ್ಲಿ ಸೋಲ್ತಾನೆ, ಅದು ಯಾವ ಪಟ್ಟಿಯಲ್ಲೂ ಬರೆದಿರಲ್ಲ.

ಕ್ಲೌಡ್ ಕ್ರೆಡಿಟ್ ಅನ್ನೋದು ಈ ಮುಂಗಡ. ಒಂದೆರಡು ವರ್ಷ ಸರ್ವರ್ ಪುಕ್ಕಟೆ ಅಂತಾದಾಗ ಯಾರೂ ಉಳಿತಾಯ ಮಾಡಿ ಡಿಸೈನ್ ಮಾಡಲ್ಲ. ಅವರದ್ದೇ ಡೇಟಾಬೇಸು, ಅವರದ್ದೇ ಕ್ಯೂ, ಅವರದ್ದೇ ಲಾಗಿನ್ ವ್ಯವಸ್ಥೆ, ಎಲ್ಲ ತಗೊಂಡು ಕಟ್ಟಿರ್ತೀವಿ. ಕ್ರೆಡಿಟ್ ಮುಗಿದ ತಿಂಗಳು ಬಿಲ್ ಬರುತ್ತೆ. ಬಿಟ್ಟು ಹೋಗೋಣ ಅಂದರೆ ಕೋಡು ಅರ್ಧ ತಿರುಗಿ ಬರೀಬೇಕು. ನನ್ನ ದಿನದ ಕೆಲಸವೇ ಇದಾದ್ದರಿಂದ ಸ್ವಲ್ಪ ಜೋರಾಗಿ ಹೇಳ್ತೀನಿ: ಬ್ರೋಶರಿನಲ್ಲಿ 'ಇಷ್ಟು ಲಕ್ಷ ಮೌಲ್ಯದ ಸೌಲಭ್ಯ' ಅಂತ ಬರೆದಿದ್ದರೆ ಆ ಮೊತ್ತವನ್ನು ಸೊನ್ನೆ ಅಂತ ಹಿಡಿದೇ ಹೋಲಿಕೆ ಮಾಡಿ. ಬೇಕಾದರೆ ತಗೊಳ್ಳಿ, ಸಾದಾ ಪೋಸ್ಟ್‌ಗ್ರೆಸ್, ಸಾದಾ ಲಿನಕ್ಸ್ ಮಿಷನ್ನುಗಳ ಮೇಲೆ ಕಟ್ಟಿ, ಮಂಡಿ ಬದಲಾಯಿಸೋ ದಾರಿ ಇಟ್ಟುಕೊಳ್ಳಿ.

ದೊಡ್ಡ ಫಂಡುಗಳೇ ನಡೆಸೋ ಕಾರ್ಯಕ್ರಮಗಳೂ ಇವೆ. ಸಿಕೋಯಾ ಇಂಡಿಯಾ, ಈಗಿನ ಪೀಕ್ ಫಿಫ್ಟೀನ್, 2019ರಲ್ಲಿ ತಂದ ಸರ್ಜ್ ಹಾಗಿನದ್ದು. ದುಡ್ಡು ದೊಡ್ಡದು. ಆದರೆ ಮುಂದಿನ ಸುತ್ತಿನಲ್ಲಿ ಅದೇ ಫಂಡು ದುಡ್ಡು ಹಾಕದಿದ್ದರೆ, ಬೇರೆಯವರು ಕೇಳೋ ಮೊದಲ ಪ್ರಶ್ನೆ 'ಅವರ್ಯಾಕೆ ಹಾಕ್ಲಿಲ್ಲ?'.

ಮೂರನೆಯದು ಸರ್ಕಾರದ ದುಡ್ಡಿನಿಂದ, ಟ್ರಸ್ಟಿನ ದುಡ್ಡಿನಿಂದ ನಡೆಯೋವು. ಐಐಎಂ ಬೆಂಗಳೂರಿನ ಎನ್‌ಎಸ್‌ಆರ್‌ಸಿಇಎಲ್, ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ಇಂಥವು. ಆಕ್ಸಿಲರೇಟರ್ ಅನ್ನೋದಕ್ಕಿಂತ ಇನ್‌ಕ್ಯುಬೇಟರ್ ಅನ್ನೋದು ಸರಿ. ಇವುಗಳನ್ನು ಬೆಂಗಳೂರಿನ ಸ್ಟಾರ್ಟಪ್ ಜನ ಸ್ವಲ್ಪ ಕೀಳಾಗಿ ನೋಡ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ನನ್ನ ಗೆಳೆಯನ ಡೈರಿ ಸಾಫ್ಟ್‌ವೇರಿಗೆ ಸರಿಯಾದ ಜಾಗ ಇದಾಗಿತ್ತು. ಇವರ ಲೆಕ್ಕದಲ್ಲಿ 75 ಕೋಟಿ ಬರಲ್ಲ. ಎಷ್ಟು ಕಂಪನಿಗೆ ನೆರವು ಕೊಟ್ಟಿರಿ, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನೋದು ಅವರು ಮೇಲೆ ಕೊಡಬೇಕಾದ ವರದಿ. ಅದರಿಂದ ಬರೋ ಕಾಟವೂ ಗೊತ್ತಿರಲಿ: ಸಮಾರಂಭಗಳು ಜಾಸ್ತಿ, ಮಂತ್ರಿಗಳು ಬಂದಾಗ ಸ್ಟಾಲ್ ಹಾಕಿ ಅಂತಾರೆ, ಪ್ರತಿ ಕಂತಿಗೂ ಖರ್ಚಿನ ಪ್ರಮಾಣಪತ್ರ.

ದುಡ್ಡು ಕಡಿಮೆ ಏನಲ್ಲ. ಕೇಂದ್ರ ಸರ್ಕಾರ 2021ರಲ್ಲಿ 945 ಕೋಟಿ ಇಟ್ಟು ಶುರು ಮಾಡಿದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆ ಇನ್‌ಕ್ಯುಬೇಟರ್‌ಗಳ ಮೂಲಕ 20 ಲಕ್ಷದವರೆಗೆ ಅನುದಾನ, 50 ಲಕ್ಷದವರೆಗೆ ಸಾಲ ಅಥವಾ ಮುಂದೆ ಶೇರಾಗುವ ಸಾಲ ಕೊಡೋ ಥರ ಬಂತು. ಕರ್ನಾಟಕ ಸರ್ಕಾರದ ಎಲಿವೇಟ್ 50 ಲಕ್ಷದವರೆಗೆ ಅನುದಾನ ಕೊಡುತ್ತೆ, ಶೇರು ಕೇಳಲ್ಲ. ಆದರೆ ಇದರಲ್ಲಿ ಯಾವುದು ಮೊದಲು ಅನ್ನೋದು ಮುಖ್ಯ. ಸೀಡ್ ಫಂಡಿನ ನಿಯಮದಲ್ಲಿ, ಬೇರೆ ಕೇಂದ್ರ ಅಥವಾ ರಾಜ್ಯ ಯೋಜನೆಯಿಂದ 10 ಲಕ್ಷಕ್ಕಿಂತ ಹೆಚ್ಚು ನಗದು ನೆರವು ಪಡೆದಿರಬಾರದು ಅಂತಿದೆ, ಕಂಪನಿಗೆ ಎರಡು ವರ್ಷಕ್ಕಿಂತ ಹೆಚ್ಚು ಆಗಿರಬಾರದು ಅಂತಲೂ ಇದೆ. ಖುಷಿಯಿಂದ ಸಿಕ್ಕಿದ್ದು ಮೊದಲು ತಗೊಂಡರೆ ಇನ್ನೊಂದು ಬಾಗಿಲು ಮುಚ್ಚಬಹುದು. ಅರ್ಜಿ ಹಾಕೋ ಮೊದಲು ಆ ವರ್ಷದ ನಿಯಮ ಓದಿಕೊಳ್ಳಿ.

ಇನ್ನು ಸೇರೋದಕ್ಕೆ ನಿಮ್ಮ ಹತ್ರವೇ ಫೀಸು ಕೇಳೋರು. ಮೂರು ತಿಂಗಳಿಗೆ ಇಷ್ಟು ಸಾವಿರ, ಜೊತೆಗೆ 'ಅಡ್ವೈಸರಿ' ಅಂತ 2 ಪರ್ಸೆಂಟ್. ಇವರ ಹೊಟ್ಟೆ ತುಂಬೋದು ನಿಮ್ಮ ಫೀಸಿನಿಂದ, ನೀವು ಗೆದ್ದರೂ ಸೋತರೂ. ಇದರ ಬಗ್ಗೆ ಇನ್ನೇನೂ ಬರೆಯೋದಿಲ್ಲ.

ಇಷ್ಟೆಲ್ಲ ಇದ್ದೂ ಜನ ಯಾಕೆ ಹೋಗ್ತಾರೆ? ಪಾಠ ಪುಕ್ಕಟೆ ಸಿಗುತ್ತೆ, ಕಾಗದ ಪುಕ್ಕಟೆ ಸಿಗುತ್ತೆ, ದುಡ್ಡು ಬೇರೆ ಕಡೆಯೂ ಸಿಗುತ್ತೆ. ಬೇರೆಲ್ಲೂ ಸಿಗದೇ ಇರೋದು ಮುದ್ರೆ. ಐಐಟಿಯಲ್ಲಿ ಓದಿ ಫ್ಲಿಪ್‌ಕಾರ್ಟಿನಲ್ಲಿ ನಾಲ್ಕು ವರ್ಷ ಇದ್ದವನಿಗೆ ಆ ಮುದ್ರೆ ಮೊದಲೇ ಇದೆ. ಅವನ ಹಳೆಯ ಬಾಸೇ ಮೊದಲ ಇನ್ವೆಸ್ಟರ್. ತಾಲ್ಲೂಕು ಊರಿನ ಕಾಲೇಜಿನಲ್ಲಿ ಬಿಇ ಮಾಡಿ, ಸರ್ವಿಸ್ ಕಂಪನಿಯಲ್ಲಿ ದುಡಿದು, ಇಂಗ್ಲಿಷಿನಲ್ಲಿ ಒಂದು ನಿಮಿಷದಲ್ಲಿ ಎಲ್ಲ ಹೇಳು ಅಂದರೆ ಗಂಟಲು ಒಣಗೋ ಹುಡುಗನ ಇಮೇಲಿಗೆ ಯಾರೂ ಉತ್ತರ ಕೊಡಲ್ಲ. ಅವನಿಗೆ ಈ ಮುದ್ರೆ ನಿಜವಾಗಿ ಬಾಗಿಲು ತೆಗೆಯುತ್ತೆ. 7 ಪರ್ಸೆಂಟ್ ಅಲ್ಲ, 12 ಕೊಟ್ಟರೂ ಲಾಭ ಆಗೋ ಸಂದರ್ಭಗಳಿವೆ. ತೊಂದರೆ ಏನೆಂದರೆ ಮುದ್ರೆ ಯಾರಿಗೆ ಅತಿ ಹೆಚ್ಚು ಬೇಕೋ ಅವರಿಗೇ ಖೋಟಾ ಮುದ್ರೆ ಮಾರೋದೂ ಸುಲಭ. ಒಂದು ಮುದ್ರೆ ನಡೆಯುತ್ತೋ ಇಲ್ಲವೋ ಅಂತ ನೋಡೋದಕ್ಕೆ ಹಿಂದಿನ ಬ್ಯಾಚಿನಲ್ಲಿ ಎಷ್ಟು ಜನಕ್ಕೆ ಒಂದು ವರ್ಷದೊಳಗೆ ಹೊರಗಿನ, ಆಕ್ಸಿಲರೇಟರ್‌ಗೆ ಸಂಬಂಧ ಇಲ್ಲದ ಇನ್ವೆಸ್ಟರ್ ದುಡ್ಡು ಬಂತು ಅಂತ ಕೇಳಬೇಕು. ಬ್ರೋಶರಿನ ಲೋಗೋಗಳನ್ನು ಬಿಟ್ಟು, ಎರಡು ವರ್ಷದ ಹಿಂದಿನ ಬ್ಯಾಚಿನಲ್ಲಿದ್ದು ಮುಚ್ಚಿಹೋದ ಕಂಪನಿಯವರನ್ನು ಹುಡುಕಿ ಒಂದು ಕಾಫಿ ಕುಡಿಸಿ. ಮೆಂಟರ್‌ಗಳ ಪಟ್ಟಿಯಲ್ಲಿರೋ ನೂರು ಜನರಲ್ಲಿ ಎಷ್ಟು ಜನ ಎರಡನೇ ಸಲ ಫೋನ್ ತೆಗೆದರು ಅಂತ ಅವರು ಹೇಳ್ತಾರೆ. ಗೆದ್ದವರು ಹೇಳಲ್ಲ, ಅವರಿಗೆ ಗೊತ್ತಿರೋದೂ ಇಲ್ಲ. ಗೆಲ್ಲುವ ಕಂಪನಿಯ ಫೋನನ್ನು ಎಲ್ಲರೂ ತೆಗೀತಾರೆ.

ಕೊನೆಗೆ ಒಂದು ಕಾಗದದ ವಿಷಯ. ಅಮೆರಿಕಾದ ಸೇಫ್ ಅನ್ನೋದು 2013ರಲ್ಲಿ ವೈಸಿ ಮಾಡಿದ ಕಾಗದ, ಅದು ಸಾಲವೂ ಅಲ್ಲ ಶೇರೂ ಅಲ್ಲ. ನಮ್ಮ ಕಂಪನಿ ಕಾನೂನಿನಲ್ಲಿ ಅಂಥ ಮಧ್ಯದ ವಸ್ತುವಿಗೆ ಸರಿಯಾದ ಜಾಗ ಇಲ್ಲ. ಮುಂಬೈನ 100ಎಕ್ಸ್ ವಿಸಿಯವರು 2019ರಲ್ಲಿ ಐಸೇಫ್ ಅಂತ ತಂದರು. ಹೆಸರು ಸೇಫ್ ಆದರೂ ಒಳಗೆ ಅದು ಮುಂದೆ ಕಡ್ಡಾಯವಾಗಿ ಸಾದಾ ಶೇರಾಗಿ ಬದಲಾಗುವ ಪ್ರಿಫರೆನ್ಸ್ ಶೇರು. ಆದ್ದರಿಂದ ಇಲ್ಲಿನ ಆಕ್ಸಿಲರೇಟರ್ ಒಂದು 'ಸಿಂಪಲ್ ಪೇಪರ್, ಐದೇ ಪುಟ' ಅಂತ ಕೊಟ್ಟರೂ ಅದರ ಹಿಂದೆ ಬೋರ್ಡ್ ನಿರ್ಣಯ, ವ್ಯಾಲ್ಯುಯೇಶನ್ ವರದಿ, ಆರ್‌ಒಸಿಗೆ ಫೈಲಿಂಗ್ ಎಲ್ಲ ಇರುತ್ತೆ. ಊರಿನ ಸಿಎ ಜಿಎಸ್‌ಟಿಯಲ್ಲಿ ಎಷ್ಟೇ ಗಟ್ಟಿಗರಾದರೂ ಇದನ್ನು ಮಾಡಿರದಿರಬಹುದು. ಮೊದಲ ಕಂತು ಬರೋ ಮುಂಚೆಯೇ ಈ ಖರ್ಚು ಬರುತ್ತೆ. ಅದು ಯಾರ ಲೆಕ್ಕಕ್ಕೆ ಅಂತ ಸಹಿ ಹಾಕೋ ಮೊದಲೇ ಕೇಳಿ ಇಮೇಲಿನಲ್ಲಿ ಬರೆಸಿಕೊಳ್ಳಿ.